ಮುಚ್ಚಳ ಇಲ್ಲದ ಡಬ್ಬಿ ಮತ್ತು ಹಳೇ ಬೀದಿಯ ಜನ

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಡಬ್ಬಿಯ ಕಥೆ ಬರೆದಿದ್ದೆ. ಓದದವರಿಗೆ ಚುಟುಕಾಗಿ ಹೇಳುತ್ತೇನೆ. ನಾವು ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಇದ್ದಾಗ ಪಕ್ಕದ ಮನೆ ಆಂಟಿ ಒಂದು ದೀಪಾವಳಿಗೆ ಸ್ಟೀಲ್ ಡಬ್ಬಿ ತುಂಬ ಕೋಡುಬಳೆ ಕೊಟ್ಟರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಎತ್ತಿಟ್ಟರು. ಏನಾದರೂ ಮಾಡಿ ತುಂಬಿ ಕೊಡೋಣ ಅನ್ನುವಷ್ಟರಲ್ಲಿ ಆ ಅಂಕಲ್‌ಗೆ ಬೇರೆ ಕಡೆ ಕೆಲಸ ಸಿಕ್ಕಿತು. 1983ರಲ್ಲಿ ಅವರು ಊರು ಬಿಟ್ಟರು, ಡಬ್ಬಿ ನಮ್ಮಲ್ಲೇ ಉಳಿಯಿತು. ಮುಂದಿನ ನಲವತ್ತು ವರ್ಷ ಅದು ನಮ್ಮ ಮನೆಯ ಉದ್ದಿನಬೇಳೆ ಡಬ್ಬಿ.

ಅಮ್ಮ ತೀರಿಕೊಂಡ ಮೇಲೆ ಪಾತ್ರೆ ಹಂಚಿಕೊಳ್ಳಲು ಕೂತಾಗ ಡಬ್ಬಿಯ ತಳ ನೋಡಿದೆ. ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಎರಡು ಇನಿಷಿಯಲ್, ಒಂದು ಹೆಸರು, ಮದುವೆ ತಾರೀಖು. ಆ ಆಂಟಿಗೆ ಒಂದು ಹೆಸರಿದೆ ಅನ್ನುವುದೇ ನನಗೆ ಆವತ್ತು ಗೊತ್ತಾಗಿದ್ದು! ಫೋಟೋ ತೆಗೆದು ಊರಿನ ಹಳಬರ ಫೇಸ್‌ಬುಕ್ ಗುಂಪಿಗೆ ಹಾಕಿದೆ. ಹನ್ನೊಂದು ದಿನ ಆದ ಮೇಲೆ ಪುಣೆಯಿಂದ ಒಬ್ಬ ಹುಡುಗ ಬರೆದ, "ಇದು ನಮ್ಮ ಅಜ್ಜಿ ಹೆಸರು." ಅದೇ ಸಂಜೆ ಫೋನು. ನಾನು ಅಳುತ್ತಿದ್ದೆ. ಆಂಟಿ ಕೇಳಿದ ಮೊದಲ ಮಾತು, "ಮುಚ್ಚಳ ಇದೆಯೇನೇ?"

ಇಷ್ಟು ಬರೆದದ್ದೇ ತಡ, ಈ ಸಲ ಬಂದ ಪತ್ರಗಳೆಲ್ಲ ನೆರೆಮನೆಯವರ ಮೇಲೆಯೇ. ಅಡುಗೆ, ಮೊಣಕಾಲು ನೋವು, ಸೊಸೆ ಯಾವುದೂ ಇಲ್ಲ. ಆಗಲಿ, ಒಂದು ತಿಂಗಳು ಸೊಸೆಯಂದಿರು ನೆಮ್ಮದಿಯಾಗಿರಲಿ.

ಪ್ರಶ್ನೆ: ನಾನು ಹುಟ್ಟಿದ್ದು ಕುದುರೆಮುಖ ಟೌನ್‌ಶಿಪ್‌ನಲ್ಲಿ. ಅಪ್ಪ ಅಲ್ಲಿನ ಗಣಿ ಕಂಪನಿಯಲ್ಲಿದ್ದರು. ಗೋಡೆ ಆಚೆ ಕೇರಳದವರ ಮನೆ. ಅವರ ಮಗಳು ನನ್ನ ಗೆಳತಿ. ಓಣಂ ದಿನ ಅವರ ಮನೆ ಮುಂದೆ ಹೂವಿನ ರಂಗೋಲಿ ಹಾಕಲು ನಾನೂ ಹೂವು ಕಿತ್ತು ಕೊಡುತ್ತಿದ್ದೆ. ನನಗೆ ಒಂಬತ್ತು ವರ್ಷ ಇದ್ದಾಗ ಅವರು ಊರು ಬಿಟ್ಟರು. ಅವಳ ಶಾಲೆ ಬೇರೆ, ನನ್ನ ಶಾಲೆ ಬೇರೆ. ಎಲ್ಲರೂ ಅವಳನ್ನು 'ಬೇಬಿ' ಅನ್ನುತ್ತಿದ್ದರು, ನನಗೂ ಅಷ್ಟೇ ಗೊತ್ತು. ಹೇಗೆ ಹುಡುಕಲಿ? ಸಿಕ್ಕರೂ ಅವಳಿಗೆ ನನ್ನ ನೆನಪು ಇರುತ್ತದೆಯೇ? (ಮಂಗಳೂರಿನ ಓದುಗಿ)

ಉತ್ತರ: ತಂಗಿ, ಬೇಬಿ ಅಂತ ಹುಡುಕಿದರೆ ಫೇಸ್‌ಬುಕ್ ನಿನಗೆ ಅರ್ಧ ಕೇರಳವನ್ನೇ ತೋರಿಸುತ್ತದೆ. ನಮ್ಮ ಬೀದಿಯಲ್ಲೇ ಇಬ್ಬರು ಬೇಬಿ, ಮೂವರು ಪುಟ್ಟಿ, ಒಬ್ಬ ಪಾಪು ಇದ್ದ. ಆ ಪಾಪುವಿಗೆ ಈಗ ಮೊಮ್ಮಗ. ನಾವು ನೆರೆಮನೆಯವರನ್ನು ಹೆಸರಿನಿಂದ ಗುರುತಿಟ್ಟುಕೊಂಡವರೇ ಅಲ್ಲ. ಸುರೇಶನ ಅಮ್ಮ, ಮೂಲೆಮನೆ ಆಂಟಿ, ಲೂನಾ ಅಂಕಲ್. ಅವರ ಮನೆಯ ಹುಳಿಯ ವಾಸನೆ ಗೊತ್ತು, ಹೆಸರು ಗೊತ್ತಿಲ್ಲ.

ಇದರ ಮೇಲೆ ಹುಡುಗಿಯರ ಕಷ್ಟ ಬೇರೆ. ಮದುವೆಯಾದ ಮೇಲೆ ಹೆಸರಿನ ಬಾಲ ಬದಲಾಗುತ್ತದೆ, ಕೆಲವರಿಗೆ ಹೆಸರೇ ಬದಲಾಗುತ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಅಕ್ಕನನ್ನು ಹುಡುಕಬೇಡಿ, ತಮ್ಮನನ್ನು ಹುಡುಕಿ. ಗಂಡು ಮಕ್ಕಳ ಹೆಸರು ಇದ್ದಲ್ಲೇ ಇರುತ್ತದೆ. ಬೇಬಿಗೆ ಅಣ್ಣನೋ ತಮ್ಮನೋ ಇದ್ದರೆ ಅವನು ಯಾವುದೋ ಕ್ರಿಕೆಟ್ ಟೀಮಿನ ಫೋಟೋದಲ್ಲಿ, ಯಾವುದೋ ಬ್ಯಾಚಿನ ಗುಂಪಿನಲ್ಲಿ ಸಿಗುತ್ತಾನೆ. ಅವನ ಸ್ನೇಹಿತರ ಪಟ್ಟಿಯಲ್ಲಿ ಇವಳು ಇರುತ್ತಾಳೆ.

ನಿನ್ನ ಊರಿನದ್ದು ಒಂದು ಅನುಕೂಲವೂ ಇದೆ. ಕುದುರೆಮುಖ ತಾನಾಗಿ ಬೆಳೆದ ಊರಲ್ಲ. 1976ರಲ್ಲಿ ಕಂಪನಿ ಶುರುವಾದ ಮೇಲೆ ಕಾಡಿನ ಮಧ್ಯೆ ಮನೆ ಕಟ್ಟಿಸಿ ಜನರನ್ನು ಕರೆಸಿದ್ದು. ಯಾರು ಯಾವ ವಿಭಾಗ, ಯಾವ ಕ್ವಾರ್ಟರ್ಸ್ ಅನ್ನುವುದು ಹಿರಿಯರ ತಲೆಯಲ್ಲಿ ಇವತ್ತಿಗೂ ಅಚ್ಚು ಹೊಡೆದ ಹಾಗೆ ಇರುತ್ತದೆ. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರಲ್ಲ, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಾಗ ಎಷ್ಟೋ ಸಂಸಾರಗಳೂ ಅದಿರಿನ ಹಿಂದೆಯೇ ಘಟ್ಟ ಇಳಿದವು. ಅಂದರೆ ನಿನ್ನ ಅಪ್ಪನ ಜೊತೆ ಕೆಲಸ ಮಾಡಿದವರು ನೀನಿರುವ ಊರಿನಲ್ಲೇ ಇದ್ದಾರೆ. ಫೋನು ಕೆಳಗಿಡು, ಬಸ್ಸು ಹತ್ತು. ಕಾವೂರು ಕಡೆ ಯಾರಾದರೂ ನಿವೃತ್ತ ಅಂಕಲ್ ಮನೆಗೆ ಹೋಗಿ ಕಾಫಿ ಕುಡಿದುಕೊಂಡು ಕೇಳು, "ನಮ್ಮ ಗೋಡೆ ಆಚೆ ಇದ್ದ ಮಲಯಾಳಿಗಳ ಯಜಮಾನರು ಯಾವ ವಿಭಾಗದಲ್ಲಿದ್ದರು?" ಅಂತ. ಆಂಟಿ ಒಳಗಿನಿಂದಲೇ ಉತ್ತರ ಕೊಡುತ್ತಾರೆ ನೋಡು.

ಗುಂಪಿನಲ್ಲಿ ಬರೆಯುವುದಾದರೆ 'ಬೇಬಿ ಗೊತ್ತಾ?' ಅಂತ ಬರೆಯಬೇಡ. ನೀನು ನನಗೆ ಕಳಿಸಿದ ಪತ್ರದ ಮೂರನೇ ಪುಟದಲ್ಲಿ ಒಂದು ವಿಷಯ ಇದೆ. ಮಳೆಗಾಲದಲ್ಲಿ ಶಾಲೆಯಿಂದ ಬಂದ ತಕ್ಷಣ ಇಬ್ಬರೂ ಅವರ ಮನೆ ಮೆಟ್ಟಿಲ ಮೇಲೆ ಕೂತು ಒಬ್ಬರ ಕಾಲಿನ ಇಂಬಳ ಇನ್ನೊಬ್ಬರು ಕಿತ್ತು ಉಪ್ಪಿನ ತಟ್ಟೆಗೆ ಹಾಕುತ್ತಿದ್ದಿರಿ, ಯಾರಿಗೆ ಜಾಸ್ತಿ ಹತ್ತಿವೆಯೋ ಅವರಿಗೆ ಆವತ್ತು ಎರಡು ನೇಂದ್ರ ಬಾಳೆಕಾಯಿ ಚಿಪ್ಸ್ ಹೆಚ್ಚಿಗೆ. ಅಯ್ಯೋ, ಇದನ್ನು ಬರೆಯಮ್ಮ! ಇದು ಓದಿದರೆ ಬೇಬಿ ಎಲ್ಲಿದ್ದರೂ ಕಾಲು ತುರಿಸಿಕೊಳ್ಳುತ್ತಾಳೆ. ಅವಳು ಓದದಿದ್ದರೂ ಅವಳ ಅಣ್ಣ ಓದುತ್ತಾನೆ.

ಇನ್ನು ನೆನಪು ಇರುತ್ತದೆಯೇ ಅನ್ನುವ ಪ್ರಶ್ನೆ. ಸಿಕ್ಕಾಗ "ನನ್ನ ನೆನಪಿದೆಯಾ?" ಅಂತ ಶುರು ಮಾಡಬೇಡ. ಅದು ಪರೀಕ್ಷೆ ಕೊಟ್ಟ ಹಾಗೆ. ಪಾಪ, ಅವಳು ಪಾಸಾಗದಿದ್ದರೆ ಇಬ್ಬರಿಗೂ ಮುಜುಗರ. ನಿನ್ನ ಹತ್ತಿರ ಇರುವುದನ್ನು ನೀನು ಮೊದಲು ಕೊಡು. ಇಂಬಳದ್ದು, ಹೂವಿನದ್ದು. ಆಮೇಲೆ ಕಾಯಿ. ಗೊತ್ತಿಲ್ಲದವರು ಕಳಿಸಿದ ಮೆಸೇಜು ಫೇಸ್‌ಬುಕ್‌ನಲ್ಲಿ ಬೇರೆ ಒಂದು ಪೆಟ್ಟಿಗೆಗೆ ಹೋಗಿ ಬೀಳುತ್ತದೆ, ಎಷ್ಟೋ ಜನ ಅದನ್ನು ತೆರೆದೇ ಇರುವುದಿಲ್ಲ. ಉತ್ತರ ಬರಲಿಲ್ಲ ಅಂತ ವಾರಕ್ಕೇ ಮುನಿಸಿಕೊಳ್ಳಬೇಡ. ಎರಡನೇ ಸಲ ಕಳಿಸಿ, ಅದನ್ನು ಅವಳು ನೋಡಿದ್ದಾಳೆ ಅಂತ ಗೊತ್ತಾಗಿ, ಆದರೂ ಸುಮ್ಮನಿದ್ದರೆ ಬಿಟ್ಟುಬಿಡು. ಅವಳ ಕಾರಣ ಅವಳಿಗೆ.

ಮತ್ತೆ, ಸಿಕ್ಕಿದರೆ ಮೊದಲು ಅವಳ ಹೆಸರು ಕೇಳಿಕೋ.

ಪ್ರಶ್ನೆ: ದಾವಣಗೆರೆಯಲ್ಲಿ ನಾವಿದ್ದದ್ದು ಎಂಟು ಮನೆಯ ವಠಾರ. ಹಳಬರನ್ನೆಲ್ಲ ಹುಡುಕಿ ವಾಟ್ಸ್ಆ್ಯಪ್ ಗುಂಪು ಮಾಡಿದೆ. ಮೊದಲ ವಾರ ಹಬ್ಬ. ಈಗ ಬೆಳಗಾದರೆ ಗುಲಾಬಿ ಹೂವು, ಮಧ್ಯಾಹ್ನ ರಾಜಕೀಯ, ರಾತ್ರಿ ಜಗಳ. ಇಬ್ಬರು ಬಿಟ್ಟು ಹೋದರು. ಮುಚ್ಚಿಬಿಡಲೇ? (ಮಸ್ಕತ್‌ನಿಂದ ಒಬ್ಬ ಓದುಗ)

ಉತ್ತರ: ಮುಚ್ಚಬೇಡಿ ಅಣ್ಣ. ನೀವು ಮಾಡಿದ ತಪ್ಪು ಒಂದೇ, ಜನರನ್ನು ಕೂಡಿಸಿದಿರಿ, ಕೈಗೆ ಕೆಲಸ ಕೊಡಲಿಲ್ಲ. ಮದುವೆ ಮನೆಯಲ್ಲೂ ಅಷ್ಟೇ, ತರಕಾರಿ ಹೆಚ್ಚಲು ಕೂರಿಸಿದ ಹೆಂಗಸರು ಹಾಡು ಹೇಳುತ್ತಾರೆ, ಸುಮ್ನೆ ಕೂತ ಗಂಡಸರು ರಾಜಕೀಯ ಮಾತಾಡುತ್ತಾರೆ.

ನಮ್ಮ ಬೀದಿಯ ಗುಂಪಿಗೂ ಇದೇ ರೋಗ ಬಂದಿತ್ತು. ಒಂದು ಶನಿವಾರ ನಾನು ಬಿಳಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬೀದಿಯ ನಕ್ಷೆ ಬರೆದು ಹಾಕಿದೆ. ನನಗೆ ಚಿತ್ರ ಬರುವುದಿಲ್ಲ, ಮನೆಗಳೆಲ್ಲ ಬೆಂಕಿಪೊಟ್ಟಣದ ಹಾಗೆ ಇದ್ದವು. "ತಪ್ಪಿದ್ದರೆ ತಿದ್ದಿ" ಅಂತ ಬರೆದೆ. ಅಷ್ಟು ಸಾಕಾಯಿತು. ನಲ್ಲಿ ಎಡಕ್ಕೆ ಇತ್ತು ಅಂತ ಒಬ್ಬರು, ಬಲಕ್ಕೆ ಅಂತ ಇನ್ನೊಬ್ಬರು. ಮೂಲೆಯಲ್ಲಿದ್ದದ್ದು ಸೀಬೆ ಮರವೋ ನೆಲ್ಲಿ ಮರವೋ ಅನ್ನುವುದು ಇವತ್ತಿಗೂ ತೀರ್ಮಾನ ಆಗಿಲ್ಲ. ನನಗೆ ಗೊತ್ತು ಅದು ಸೀಬೆ, ಅದರಿಂದ ಬಿದ್ದು ಕೈ ಮುರಿದುಕೊಂಡವಳು ನಾನು. ಆದರೂ ಸುಮ್ಮನಿದ್ದೇನೆ. ತೀರ್ಮಾನ ಆಗಿಬಿಟ್ಟರೆ ಮತ್ತೆ ಗುಲಾಬಿ ಹೂವು ಶುರುವಾಗುತ್ತದೆ.

ನಿಮ್ಮದು ವಠಾರ, ಇನ್ನೂ ಸುಲಭ. ಎಂಟು ಮನೆ, ಒಂದು ನಲ್ಲಿ ಇದ್ದಿರಬೇಕು ಅಲ್ವಾ? ಬೆಳಗ್ಗೆ ಕೊಡ ಇಡುವ ಸಾಲಿನಲ್ಲಿ ಯಾರು ಮೊದಲು? ಕಾಟನ್ ಮಿಲ್ಲಿನ ಸೈರನ್ ಆದಾಗ ಯಾರ ಮನೆಯಲ್ಲಿ ಏನು ನಡೆಯುತ್ತಿತ್ತು? ಮಂಡಕ್ಕಿ ಮೆಣಸಿನಕಾಯಿ ಯಾವ ಗಾಡಿಯದ್ದು ಚೆನ್ನಾಗಿತ್ತು? ವಾರಕ್ಕೆ ಒಂದೇ ಪ್ರಶ್ನೆ ಹಾಕಿ, ಜಾಸ್ತಿ ಬೇಡ. ರಾಜಕೀಯಕ್ಕೆ ಬೇರೆ ಗುಂಪು ಮಾಡಿಕೊಡಿ, ಅದರಲ್ಲಿ ನೀವು ಇರಬೇಡಿ. ಬಿಟ್ಟು ಹೋದ ಇಬ್ಬರಿಗೆ ಗುಂಪಿನ ಲಿಂಕ್ ಕಳಿಸಬೇಡಿ. ಫೋನ್ ಮಾಡಿ.

ಪ್ರಶ್ನೆ: ನಮ್ಮ ಊರಿನ ಗುಂಪಿನಲ್ಲಿ ಹಳೆಯ ನೆರೆಯವರೊಬ್ಬರು, ನಮ್ಮ ಅಪ್ಪ ಕುಡಿದು ಚರಂಡಿಗೆ ಬಿದ್ದದ್ದನ್ನೂ ಅವರನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿ ಮನೆಗೆ ತಂದದ್ದನ್ನೂ ತಮಾಷೆಯಾಗಿ ಬರೆದಿದ್ದಾರೆ. ಎಲ್ಲರೂ ನಗುವ ಮುಖ ಹಾಕಿದ್ದಾರೆ. ಅವರು ಒಳ್ಳೆಯವರೇ. ಅಪ್ಪ ಈಗ ಇಲ್ಲ. ಅಮ್ಮನೂ ಆ ಗುಂಪಿನಲ್ಲಿ ಇದ್ದಾರೆ. (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಯೇ ಇಲ್ಲ. ಆದರೂ ಗೊತ್ತಾಯಿತು.

ಗುಂಪಿನಲ್ಲಿ ಉತ್ತರ ಕೊಡಬೇಡಿ. ಅವರಿಗೆ ಒಬ್ಬರಿಗೇ ಫೋನ್ ಮಾಡಿ, ಸಂಜೆ ಹೊತ್ತು, ಆರಾಮಾಗಿ ಇದ್ದಾಗ. "ಅಣ್ಣಾ, ಆವತ್ತು ಅಪ್ಪನನ್ನು ಮನೆ ಮುಟ್ಟಿಸಿದಿರಿ, ಅದು ಮರೆತಿಲ್ಲ. ಅಮ್ಮ ಅದನ್ನು ಓದಿದ್ದಾರೆ. ತೆಗೆದುಬಿಡಿ" ಅನ್ನಿ. ಅಷ್ಟೇ ಸಾಕು. ಒಳ್ಳೆಯವರು ಅಂತ ನೀವೇ ಬರೆದಿದ್ದೀರಿ, ತೆಗೆಯುತ್ತಾರೆ. ತೆಗೆಯದಿದ್ದರೆ ಗುಂಪು ನಡೆಸುವವರಿಗೆ ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಗುಂಪಿನ ಅಡ್ಮಿನ್ ಬೇರೆಯವರು ಹಾಕಿದ್ದನ್ನೂ ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು.

ಅವರಿಗೆ ಅದು ಬೀದಿಯಲ್ಲಿ ನಡೆದದ್ದು, ಹಾಗಾಗಿ ಬೀದಿಯ ಕಥೆ. ಅವರು ಬಾಗಿಲ ತನಕ ತಂದು ಬಿಟ್ಟು ಹೋದರು. ಬಾಗಿಲು ಹಾಕಿದ ಮೇಲೆ ಒಳಗೆ ಏನಾಯಿತು ಅನ್ನುವುದು ನಿಮ್ಮ ಅಮ್ಮನಿಗೆ ಗೊತ್ತು, ನಿಮಗೆ ಗೊತ್ತು. ಹಳೆಯ ಫೋಟೋ, ಹಳೆಯ ಕಥೆ ಹಾಕುವವರೆಲ್ಲ ಇದನ್ನು ಓದಲಿ ಅಂತ ನಿಮ್ಮ ಪತ್ರ ಇಲ್ಲಿ ಹಾಕಿದ್ದೇನೆ. ಇನ್ನೊಬ್ಬರ ಮನೆಯ ವಿಷಯ ಬರೆಯುವ ಮುಂಚೆ ಆ ಮನೆಯವರನ್ನು ಒಂದು ಮಾತು ಕೇಳಿ. ನಾನೂ ಆ ಡಬ್ಬಿಯ ಫೋಟೋ ಹಾಕುವ ಮೊದಲು ಯಾರನ್ನೂ ಕೇಳಿರಲಿಲ್ಲ. ಆಂಟಿ ಆಮೇಲೆ ಬೈದರು, "ನನ್ನ ಹೆಸರು ಪೇಪರಿನಲ್ಲೆಲ್ಲ ಹಾಕಬೇಡ" ಅಂತ. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ.

ಅಮ್ಮನ ಜೊತೆ ಈ ವಿಷಯ ಮಾತಾಡಿದಿರಾ? ಮಾತಾಡಿ. ನೀವು ಮಾತಾಡದಿದ್ದರೆ, ಮಗನೂ ಅದನ್ನು ಓದಿ ಸುಮ್ಮನಾದ ಅಂದುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಮಾವ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಅವರ ಲೈನಿನ (ಗಣಿ ಕಾರ್ಮಿಕರ ಸಾಲುಮನೆ) ಹಳಬರು ಈಗ ಬೆಂಗಳೂರು, ಚೆನ್ನೈ, ಆಸ್ಟ್ರೇಲಿಯಾ ಎಲ್ಲ ಕಡೆ ಇದ್ದಾರೆ, ಹಳೆಯ ವೀಡಿಯೋ ಹಾಕುತ್ತಾರೆ. ನಾನು ಮಾವನಿಗೆ ತೋರಿಸಿದರೆ ಅವರು ನೋಡಿ ಏನೂ ಮಾತಾಡದೆ ಎದ್ದು ಹೋಗುತ್ತಾರೆ. ತೋರಿಸಬಾರದಿತ್ತೇ? (ಬಂಗಾರಪೇಟೆಯ ಓದುಗಿ)

ಉತ್ತರ: ಆ ವೀಡಿಯೋಗಳನ್ನು ನಾನೂ ನೋಡಿದ್ದೇನೆ. ತುಕ್ಕು ಹಿಡಿದ ಶಾಫ್ಟು, ಬೀಗ ಹಾಕಿದ ಗೇಟು, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬ, ಹಿಂದೆ ಒಂದು ಅಳುವ ಪಿಟೀಲು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಿಮ್ಮ ಮಾವ ಅಲ್ಲೇ ಇದ್ದವರು. ಅವರಿಗೆ ಅದನ್ನು ಪಿಟೀಲಿನ ಜೊತೆ ಮತ್ತೆ ತೋರಿಸುವುದು ಯಾಕೆ?

ವೀಡಿಯೋ ಬಿಡಿ, ಕೇಳಿ. ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದಿರಿ, ಯಾವ ಶಿಫ್ಟು, ಡಬ್ಬಿಯಲ್ಲಿ ಏನು ಊಟ? ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಕೆಳಗೆ ಹೋಗುತ್ತಿದ್ದರು, ಅಲ್ಲಿಯ ಸೆಕೆ ಹೇಗಿತ್ತು? ಭೂಮಿ ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಗೂಡಿನ ಪಾತ್ರೆ ಗಲಗಲ ಅಲುಗುತ್ತಿತ್ತಂತೆ. ಆಗ ಹೆಂಗಸರೆಲ್ಲ ಬೀದಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಿದ್ದರು ಅಂತ ಕೆಜಿಎಫ್‌ನ ನನ್ನ ಸಹೋದ್ಯೋಗಿ ಒಬ್ಬರು ಹೇಳುತ್ತಿದ್ದರು. ತಮಿಳು, ತೆಲುಗು, ಕನ್ನಡ ಯಾವ ಮನೆಯಾದರೂ ಆ ಹೊತ್ತಿಗೆ ಒಂದೇ. ನಿಮ್ಮ ಅತ್ತೆ ಇದ್ದರೆ ಅವರನ್ನೂ ಕೇಳಿ. ಮಾವ ಹೇಳದ್ದನ್ನು ಅವರು ಹೇಳುತ್ತಾರೆ.

ಇನ್ನೊಂದು. ಆ ವಯಸ್ಸಿನವರಿಗೆ ಫೋನಿನಲ್ಲಿ ಅಕ್ಷರ ಒತ್ತುವುದು ಹಿಂಸೆ. ಆಸ್ಟ್ರೇಲಿಯಾದ ಹಳೆಯ ಗೆಳೆಯನಿಗೆ ಒಂದು ವಾಯ್ಸ್ ಮೆಸೇಜು ಹೇಳಿಸಿ ನೋಡಿ. ಫೋನು ಅವರ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋಗಿಬಿಡಿ. ಸೊಸೆ ಎದುರಿಗೆ ಕೂತರೆ ಯಾವ ಮಾವ ತಾನೇ "ಏನ್ ಮಚ್ಚಾ" ಅಂತ ಶುರು ಮಾಡುತ್ತಾರೆ?

ಪ್ರಶ್ನೆ: ಚಿಕ್ಕಂದಿನ ಪಕ್ಕದ ಮನೆಯವನು ಅಂತ ಒಬ್ಬ ಮೆಸೇಜು ಮಾಡಿದ. ನಮ್ಮ ನಾಯಿಯ ಹೆಸರು ಕೂಡ ಹೇಳಿದ. ಎರಡು ದಿನ ಚೆನ್ನಾಗಿ ಮಾತಾಡಿ ಮೂರನೇ ದಿನ ಆಸ್ಪತ್ರೆ ಖರ್ಚಿಗೆ ಇಪ್ಪತ್ತು ಸಾವಿರ ಕೇಳಿದ. ನಂಬಲೇ? (ಹಾಸನ)

ಉತ್ತರ: ನಾಯಿಯ ಹೆಸರು ನೀವೇ ಗುಂಪಿನಲ್ಲಿ ಬರೆದಿದ್ದಿರಾ, ಹೋಗಿ ನೋಡಿ. ಬರೆದಿದ್ದರೆ ಅದು ಊರಿಗೇ ಗೊತ್ತು. ದುಡ್ಡು ಕಳಿಸುವ ಮುಂಚೆ ಅವನಿಗೆ ವೀಡಿಯೋ ಕಾಲ್ ಮಾಡಿ. ಮುಖ ನೋಡಿದ ಮೇಲೂ, ಎಲ್ಲೂ ಬರೆಯದ ಒಂದು ವಿಷಯ ಕೇಳಿ. ಅವರ ಮನೆಗೆ ಹಿತ್ತಲಿಂದ ಹೋಗುವ ದಾರಿ ಯಾವ ಕಡೆ, ನಿಮ್ಮ ಅಜ್ಜಿ ಅವನನ್ನು ಏನಂತ ಬೈಯುತ್ತಿದ್ದರು, ಇಂಥದ್ದು. ನೆಪ ಹೇಳಿ ತಪ್ಪಿಸಿಕೊಂಡರೆ ಬ್ಲಾಕ್ ಮಾಡಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವುದು ಸುಲಭ.

ಮೊದಲ ಶಾಲೆ ಯಾವುದು, ನಾಯಿಯ ಹೆಸರೇನು, ಅಮ್ಮನ ತವರಿನ ಹೆಸರೇನು ಅಂತ ಗುಂಪುಗಳಲ್ಲಿ ಆಟ ಆಡಿಸುತ್ತಾರಲ್ಲ, ಪಾಸ್‌ವರ್ಡ್ ಮರೆತಾಗ ಎಷ್ಟೋ ಕಡೆ ಕೇಳುವುದೂ ಅದನ್ನೇ. ನೆನಪು ಬರೆಯಿರಿ, ಉತ್ತರ ಪತ್ರಿಕೆ ಬರೆಯಬೇಡಿ.

ಪ್ರಶ್ನೆ: ಎದುರು ಮನೆಯ ಹುಡುಗ ಮೂವತ್ತು ವರ್ಷದ ಮೇಲೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದಾನೆ. ನಮ್ಮ ಯಜಮಾನರು ಮುಖ ಗಂಟು ಹಾಕಿಕೊಂಡಿದ್ದಾರೆ. (ಶಿರಸಿ)

ಉತ್ತರ: ಹುಡುಗನ ಈಗಿನ ಫೋಟೋ ಯಜಮಾನರಿಗೆ ತೋರಿಸಿ. ಗಂಟು ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಅದೆಲ್ಲ ಇರಲಿ, ಡಬ್ಬಿ ವಾಪಸ್ ಕೊಟ್ಟಿರಾ ಇಲ್ಲವಾ? (ತುಂಬ ಜನ ಕೇಳಿದ್ದಾರೆ)

ಉತ್ತರ: ಕೊಟ್ಟೆ. ಕೊರಿಯರ್ ಮಾಡು ಅಂದ ಮಗ. ನನಗೆ ಮನಸ್ಸು ಬರಲಿಲ್ಲ. ಕೋಡುಬಳೆ ಕರಿದು ತುಂಬಿ, ಮುಚ್ಚಳ ಇಲ್ಲವಲ್ಲ ಅಂತ ಬಾಳೆಲೆ ಮುಚ್ಚಿ ದಾರ ಕಟ್ಟಿ, ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಪುಣೆಗೆ ಹೋದೆ.

ಆಂಟಿಗೆ ಈಗ ಕಣ್ಣು ಅಷ್ಟು ಕಾಣಿಸುವುದಿಲ್ಲ. ಕೋಡುಬಳೆಯನ್ನು ಒಂದು ತಟ್ಟೆಗೆ ಸುರಿಸಿ, ಡಬ್ಬಿ ಬೋರಲು ಹಾಕಿ, ತಳದ ಮೇಲೆ ಬೆರಳು ಆಡಿಸಿದರು. ಚುಕ್ಕಿ ಚುಕ್ಕಿ ಮುಟ್ಟಿಕೊಂಡು ತಮ್ಮ ಹೆಸರನ್ನು ತಾವೇ ಓದಿದರು. "ಪಾತ್ರೆ ಅಂಗಡಿಯವನು ಅಕ್ಷರಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದ. ನಮ್ಮಪ್ಪ ಪೂರ್ತಿ ಹೆಸರು ಹಾಕಿಸಿದ್ದರು ನೋಡು" ಅಂದರು. ಆಮೇಲೆ ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು, ಇಂಗು ಸಾಲದು ಅಂದರು. ಅದೂ ನಿಜವೇ.

ಹೊರಡುವಾಗ ಅದೇ ಡಬ್ಬಿಗೆ ಶೇಂಗಾ ಉಂಡೆ ತುಂಬಿ ನನ್ನ ಚೀಲಕ್ಕೆ ಹಾಕಿದರು. ಬೇಡ ಆಂಟಿ, ಡಬ್ಬಿ ನಿಮ್ಮದು ಅಂದೆ. "ಬರಿಗೈಲಿ ಕಳಿಸೋದಾ?" ಅಂದರು. ಹೀಗಾಗಿ ಡಬ್ಬಿ ಮತ್ತೆ ನಮ್ಮ ಅಡುಗೆಮನೆಯಲ್ಲಿದೆ. ಉಂಡೆ ಮುಗಿದು ಎರಡು ವಾರ ಆಯಿತು. ಉದ್ದಿನಬೇಳೆ ಮಾತ್ರ ಇನ್ನೂ ಹಾಕಿಲ್ಲ.